ಭಾಗಿಸದೆ ತಿಳಿಯುವುದು ಹೇಗೆ?

ಪತ್ರದ ಸಾರ: ನಾಲ್ಕು ಕೋಟಿ ಅಂಕಿಗಳ ಅವಿಭಾಜ್ಯ ಸಂಖ್ಯೆ ಸಿಕ್ಕಿದೆ ಎಂದು ಬರೆದಿರಿ. ಸಂಖ್ಯೆಯನ್ನೇ ಅಚ್ಚು ಹಾಕಲಿಲ್ಲವೇಕೆ? ಅದನ್ನು ಯಾವುದೂ ಭಾಗಿಸುವುದಿಲ್ಲ ಎಂದು ನೋಡಿದವರಾರು? ಇದರಿಂದ ಲಾಭವೇನು? ಇದು 52ನೆಯ ಮರ್ಸೆನ್ ಅವಿಭಾಜ್ಯ ಎಂದು ಬೇರೆಡೆ ಓದಿದೆ, ನಿಜವೇ?
– ನಿವೃತ್ತ ಗಣಿತ ಶಿಕ್ಷಕರು, ಶಿರಸಿ

ಮೇಷ್ಟ್ರೇ,

ಅಂಕಿಗಳು 4,10,24,320. ಪುಟಕ್ಕೆ 3,000ದಂತೆ ತುಂಬಿದರೂ 13,600 ಪುಟ ದಾಟುತ್ತದೆ, ಓದುವವರು ನೀವೊಬ್ಬರೇ ಎಂಬ ಗುಮಾನಿ ಬೇರೆ. ಚುಟುಕಾಗಿ ಹೇಳುವುದಾದರೆ, 2ರ ಘಾತ 13,62,79,841 ತೆಗೆದುಕೊಂಡು 1 ಕಳೆಯಿರಿ, ಅಷ್ಟೇ. ಹೀಗೆ 2ರ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯವೇ ಮರ್ಸೆನ್ ಅವಿಭಾಜ್ಯ. ಕೊನೆಯ ಅಂಕಿಯನ್ನು ಮಾತ್ರ ಇಲ್ಲೇ ಕೊಡಬಲ್ಲೆ. 2ರ ಘಾತಗಳ ಬಿಡಿಸ್ಥಾನ 2, 4, 8, 6 ಎಂದು ಸುತ್ತುತ್ತದೆ. ಈ ಘಾತವನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಬಿಡಿಸ್ಥಾನ 2. ಅದರಲ್ಲಿ 1 ಹೋದರೆ ಉಳಿದದ್ದು 1.

ಭಾಜಕಗಳನ್ನೆಲ್ಲ ಯಾರೂ ನೋಡಿಲ್ಲ, ನೋಡಲು ಆಗುವುದೂ ಇಲ್ಲ. ಫ್ರಾನ್ಸಿನ ಲೂಕಾ 19ನೇ ಶತಮಾನದಲ್ಲಿ ಹೊಳೆಯಿಸಿ, ಅಮೆರಿಕದ ಲೆಹ್ಮರ್ 1930ರಲ್ಲಿ ಚೊಕ್ಕ ಮಾಡಿದ ಪರೀಕ್ಷೆಯೊಂದಿದೆ. 31ರ ಮೇಲೆ ಮಾಡಿ ನೋಡಿ, ಅದು 2ರ ಘಾತ 5ಕ್ಕಿಂತ 1 ಕಡಿಮೆ. 4ರಿಂದ ಶುರು. ವರ್ಗ ಮಾಡಿ 2 ಕಳೆದರೆ 14. ಮತ್ತೆ ಹಾಗೇ ಮಾಡಿದರೆ 194, 31ರಿಂದ ಭಾಗಿಸಿದ ಶೇಷ 8. ಇನ್ನೊಮ್ಮೆ ಮಾಡಿದರೆ 62, ಶೇಷ ಸೊನ್ನೆ. ಘಾತ 5 ಆದ್ದರಿಂದ ಎರಡು ಕಡಿಮೆ, ಅಂದರೆ ಮೂರೇ ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಘಾತ 11ಕ್ಕೆ 2047 ಸಿಗುತ್ತದೆ, ಅಲ್ಲಿ ಸೊನ್ನೆ ಬರುವುದಿಲ್ಲ. ಆದರೆ ಅದು 23 ಮತ್ತು 89ರ ಗುಣಲಬ್ಧ ಎಂದು ಈ ಪರೀಕ್ಷೆ ಬಾಯಿಬಿಡದು!

ಶೇಷ ತೆಗೆಯುವುದಂತೂ ಇನ್ನೂ ಸಲೀಸು. 9ರ ಶೇಷಕ್ಕೆ ಅಂಕಿಗಳನ್ನು ಕೂಡಿಸುವುದನ್ನು ನೀವು ಎಷ್ಟು ಮಕ್ಕಳಿಗೆ ಕಲಿಸಿದ್ದೀರೋ. ಇಲ್ಲೂ ಅದೇ ಉಪಾಯ. 0 ಮತ್ತು 1 ಮಾತ್ರ ಬಳಸುವ ದ್ವಿಮಾನದಲ್ಲಿ 31 ಎಂದರೆ 11111, ಐದು ಅಂಕಿಯೂ 1. 194 ಎಂದರೆ 11000010. ಬಲದಿಂದ ಐದು ಅಂಕಿ ಕತ್ತರಿಸಿ: 00010, ಅಂದರೆ 2. ಉಳಿದ 110, ಅಂದರೆ 6. ಕೂಡಿದರೆ 8. ಭಾಗಾಕಾರವೇ ಬೇಕಿಲ್ಲ. ದೊಡ್ಡ ದಾಖಲೆಗಳು ಹೆಚ್ಚಾಗಿ ಈ ಮರ್ಸೆನ್ ಕುಲದವೇ ಆಗಿರುವುದಕ್ಕೆ ಕಾರಣ ಇದು. ಐಐಟಿ ಕಾನ್ಪುರದ ಮೂವರು 2002ರಲ್ಲಿ ಕೊಟ್ಟ ವಿಧಾನ ಯಾವ ಸಂಖ್ಯೆಗಾದರೂ ಸಲ್ಲುತ್ತದೆ, ಸಿದ್ಧಾಂತವಾಗಿ ಅದು ಇದಕ್ಕಿಂತ ಬಹು ದೊಡ್ಡ ಸಾಧನೆ. ಆದರೆ ಈ ಗಾತ್ರಕ್ಕೆ ಅದು ತೀರಾ ನಿಧಾನ.

ಅಮೆರಿಕದ ಲೂಕ್ ಡ್ಯುರಾಂಟ್ ಹಲವು ದೇಶಗಳಲ್ಲಿ ಬಾಡಿಗೆ ಜಿಪಿಯುಗಳನ್ನು (ಒಟ್ಟಿಗೇ ಹಲವು ಲೆಕ್ಕ ಮಾಡುವ ಗ್ರಾಫಿಕ್ಸ್ ಚಿಪ್‌ಗಳನ್ನು) ಹೂಡಿ ಹುಡುಕಿದರು. 2024ರ ಅಕ್ಟೋಬರ್ 11ರಂದು ಡಬ್ಲಿನ್‌ನ ಯಂತ್ರವೊಂದು ‘ಬಹುಶಃ ಅವಿಭಾಜ್ಯ’ ಎಂದಿತು. ಮರುದಿನ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಇನ್ನೊಂದು ಯಂತ್ರ ಮೇಲಿನ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿತು.

ಲಾಭ? ನೇರವಾಗಿ ಏನೂ ಇಲ್ಲ. ಬ್ಯಾಂಕ್ ವ್ಯವಹಾರದ ಗೂಢಲಿಪಿಗೆ ಮುನ್ನೂರು ಅಂಕಿಯ ಆಸುಪಾಸಿನ ಅವಿಭಾಜ್ಯಗಳು ಸಾಕು, ಅವೂ ಗುಟ್ಟಾಗಿರಬೇಕು. ಜಗತ್ತಿಗೇ ಡಂಗುರ ಸಾರಿದ ಸಂಖ್ಯೆ ಬೀಗಕ್ಕಾಗದು.

52ರ ಮಾತು ಅರ್ಧ ನಿಜ. ಸಿಕ್ಕವುಗಳಲ್ಲಿ ಇದು 52ನೆಯದು. ಗಾತ್ರದ ಸಾಲಿನಲ್ಲಿಯೂ 52ನೆಯದೇ ಎಂದು ಹೇಳುವಂತಿಲ್ಲ. ಇದಕ್ಕಿಂತ ಚಿಕ್ಕ ಘಾತಗಳನ್ನೆಲ್ಲ ಪರೀಕ್ಷಿಸಿ ಮುಗಿದಿಲ್ಲ, ನಡುವೆ ಯಾವುದಾದರೂ ತಪ್ಪಿಸಿಕೊಂಡಿರಬಹುದು.

– ಸಂ.