ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದರೆ ತೀರ್ಥಹಳ್ಳಿಯಲ್ಲಿರುವವರು ಏನನ್ನು ಗಮನಿಸಬೇಕು?

ಮೊದಲು ನೋಡಬೇಕಾದ್ದು ಹವಾಮಾನ ಇಲಾಖೆಯ ಪಥ ನಕ್ಷೆ. ಅದರಲ್ಲಿನ ಶಂಕು ಚಂಡಮಾರುತದ ಕೇಂದ್ರ ಎಲ್ಲಿ ಸಾಗಬಹುದು ಎಂಬುದನ್ನಷ್ಟೇ ತೋರಿಸುತ್ತದೆ, ಮಳೆಯ ವ್ಯಾಪ್ತಿಯನ್ನಲ್ಲ. 'ನಮ್ಮೂರು ಶಂಕುವಿನ ಹೊರಗಿದೆ' ಎಂದು ಅಂಗಳದಲ್ಲಿ ಅಡಿಕೆ ಹರವಿದವರು ಮೋಸ ಹೋಗುವುದು ಇಲ್ಲೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ದಡ ಸೇರಿದ್ದು ಗುಜರಾತಿನಲ್ಲಿ, ಆದರೂ ಕರಾವಳಿ, ಮಲೆನಾಡು ಎರಡೂ ನೆನೆದವು. ಕಡಲಿನ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣಿಯುವುದರಿಂದ ಆಗುಂಬೆ, ಹುಲಿಕಲ್ ಕಡೆ ಮಳೆ ಜೋರು.

ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದು ಚಂಡಮಾರುತ. ಆಮೇಲೆ ಪ್ರಕಟಣೆ 3 ಗಂಟೆಗೊಮ್ಮೆ ಬರುತ್ತದೆ. ಅದರಲ್ಲಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ ಕೊಟ್ಟಿದ್ದರೆ ನಮ್ಮ ಸಮಯಕ್ಕಾಗಿ ಐದೂವರೆ ಗಂಟೆ ಕೂಡಿಸಿಕೊಳ್ಳಿ, ಇಲ್ಲದಿದ್ದರೆ ಹಳೆಯ ಸ್ಥಾನವನ್ನೇ ಹೊಸದೆಂದುಕೊಳ್ಳುತ್ತೀರಿ.

ಉತ್ತರಕ್ಕೆ ಸಾಗುವ ಚಂಡಮಾರುತದ ಬಲಬದಿ, ಅಂದರೆ ನಮ್ಮ ಕರಾವಳಿಯ ಕಡೆ, ಸಾಮಾನ್ಯವಾಗಿ ಗಾಳಿ ಹೆಚ್ಚು. ಕೇಂದ್ರ ನೂರಾರು ಕಿ.ಮೀ. ದೂರವಿದ್ದರೂ ಮರವಂತೆ, ಮುರುಡೇಶ್ವರದಲ್ಲಿ ಅಲೆ ಏಳಬಹುದು. ಕಡಲತೀರಕ್ಕೆ ಹೊರಡುವ ಮುನ್ನ ಇನ್‌ಕಾಯಿಸ್‌ನ (ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ) ಅಲೆ ಮುನ್ನೆಚ್ಚರಿಕೆ ನೋಡಿ. ಅಬ್ಬರದ ಅಲೆ ಉಬ್ಬರದ ಹೊತ್ತಿಗೇ ಬಂದರೆ ನೀರು ರಸ್ತೆಯವರೆಗೂ ನುಗ್ಗಬಹುದು. ಘಟ್ಟ ಇಳಿಯುವವರಿಗೆ ಮಣ್ಣು ಕುಸಿಯುವ ಭಯ ಬೇರೆ. ಮಳೆ ನಿಂತ ಮರುದಿನವೂ ಅದು ಹೋಗಿರುವುದಿಲ್ಲ.