ಪಂಚಾಯಿತಿ ಚುನಾವಣೆ: ಮೊದಲು ಮತದಾರರ ಪಟ್ಟಿ ಓದಿ, ಆಮೇಲೆ ಬ್ಯಾನರ್

ಪ್ರಶ್ನೆ: ಕುಕ್ಕರ್, ಸೀರೆ ಹಂಚದೆ ಗೆಲ್ಲೋಕೆ ಆಗುತ್ತಾ?

ಹಂಚುವುದು ಲಂಚ. ಅದು ಅಪರಾಧ, ಗೆದ್ದ ಮೇಲೂ ಸ್ಥಾನ ಹೋಗಬಹುದು. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟಗಳ ನಡುವಿನ ಹಳ್ಳಿ. ಗ್ರಾಮ ಪಂಚಾಯಿತಿಗೆ ನಿಲ್ಲಬೇಕು ಅಂತಿದ್ದೇನೆ. ದುಡ್ಡಿಲ್ಲ. ಜನರ ವಿಶ್ವಾಸ ಗಳಿಸೋದು ಹೇಗೆ?

ಹೀಗೆ ಕೇಳುವವರಲ್ಲಿ ಹೆಚ್ಚಿನವರು ತಮ್ಮ ವಾರ್ಡಿನ ಮತದಾರರ ಪಟ್ಟಿಯನ್ನೇ ಓದಿರುವುದಿಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಇಲ್ಲಿ ಒಂದು ಮನೆಯ ವೋಟು ಅಂದರೆ ಸಣ್ಣ ಮಾತಲ್ಲ.

ಪಟ್ಟಿ ತಂದು ಪೆನ್ಸಿಲ್ ಹಿಡಿದು ಕೂರಿ. ತೀರಿಕೊಂಡವರು ಯಾರು, ಊರು ಬಿಟ್ಟವರು ಯಾರು ಅಂತ ಗುರುತು ಹಾಕಿ. ಹೊಸ ಸೊಸೆಯ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇರುತ್ತದೆ. ಅದನ್ನು ಇಲ್ಲಿಗೆ ತರಲು ನಮೂನೆ 8. 18 ತುಂಬಿದ ಹುಡುಗರಿಗೆ ನಮೂನೆ 6. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಹೀಗೆ 18 ತುಂಬಿದೆಯೇ ಅಂತ ಲೆಕ್ಕ ಹಾಕಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಅರ್ಜಿ ತುಂಬಿಸಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ ಜೊತೆಗೆ ಹೋಗಿ. ಆ ಮನೆಯವರು ಯಾವ ಪಾರ್ಟಿ ಅಂತ ನೋಡಲೇಬೇಡಿ. ಆದರೆ ಯಾರ ಆಧಾರ್ ನಕಲನ್ನೂ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ನಿಮ್ಮ ತಲೆಗೆ ಬರುತ್ತದೆ.

ತೋಟದ ಕೂಲಿಯವರ ಲೈನ್ ಮನೆಗಳಿಗೆ ಬೆಳಿಗ್ಗೆ ಹತ್ತಕ್ಕೆ ಹೋದರೆ ಸಿಗುವುದು ವಯಸ್ಸಾದವರು, ಮಕ್ಕಳು ಅಷ್ಟೇ. ಸಂಜೆ, ಕೆಲಸ ಬಿಟ್ಟು ಬಂದು ಕೈಕಾಲು ತೊಳೆದ ಮೇಲೆ ಹೋಗಿ. ಕುಯ್ಲಿನ ಸಮಯದಲ್ಲಿ ಹಣ್ಣು ತೂಕ ಹಾಕಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ, ಮೈ ಸೋತಿರುತ್ತದೆ. ಆಗ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್‌ಗೆ ಮೊದಲೇ ಒಂದು ಮಾತು ಹೇಳಿ, ಆದರೆ ಜೊತೆಗೆ ಕರ್ಕೊಂಡು ಹೋಗಬೇಡಿ. ಅವರ ಮುಂದೆ ಕೂಲಿಯವರು ಬಾಯಿ ಬಿಡುವುದಿಲ್ಲ.

ಆನೆ ಕಾಟ ನಿಲ್ಲಿಸ್ತೀನಿ ಅಂತ ಮಾತ್ರ ಹೇಳಬೇಡಿ. ಅದು ಅರಣ್ಯ ಇಲಾಖೆ ಕೆಲಸ ಅಂತ ಎಲ್ಲರಿಗೂ ಗೊತ್ತು. ಬೆಳೆ ಪರಿಹಾರದ ಅರ್ಜಿ ಬರೆದುಕೊಡ್ತೀನಿ, ಕಚೇರಿಗೆ ಜೊತೆಗೆ ಬರ್ತೀನಿ ಅನ್ನಿ. ಬೀದಿ ದೀಪ, ಕುಡಿಯುವ ನೀರು, ಚರಂಡಿ ಪಂಚಾಯಿತಿ ಕೈಲಿದೆ. ಕಂಬದ ಬಲ್ಬ್ ಹೋಗಿದೆ ಅಂದರೆ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಡಿ. ಸೀಲ್ ಹಾಕಿಸಿಕೊಂಡ ನಕಲನ್ನು ತಂದು, ದೂರು ಹೇಳಿದ ಅಜ್ಜಿಯ ಕೈಗೇ ಕೊಡಿ. ಬಲ್ಬ್ ಬರಲಿಲ್ಲವಾ? ಬರಲಿಲ್ಲ ಅಂತ ಹೋಗಿ ಹೇಳಿ, ಗ್ರಾಮಸಭೆಯಲ್ಲಿ ಎದ್ದು ಕೇಳಿ. ಸದಸ್ಯರಾಗದೆಯೂ ಕೇಳಬಹುದು, ಅಲ್ವಾ? ಇದೆಲ್ಲ ಆರು ತಿಂಗಳು ಮೊದಲೇ ಶುರುವಾಗಬೇಕು. ನಾಮಪತ್ರ ಹಾಕಿದ ಮೇಲೆ ಕೈ ಮುಗಿಯಲು ಬಂದವರಿಗೆ ನಮ್ಮ ಜನ ಕಾಫಿ ಕೊಡುತ್ತಾರೆ, ವೋಟು ಕೊಡುವುದಿಲ್ಲ.

ಪ್ರಶ್ನೆ: ದೇವರ ಮೇಲೆ ಆಣೆ ಹಾಕಿಸಿಕೊಳ್ಳಬಹುದಾ?

ಬೇಡ. ದೇವರ ಕೋಪದ ಭಯ ಹುಟ್ಟಿಸಿ ವೋಟು ಕೇಳುವುದು ಚುನಾವಣಾ ಅಕ್ರಮ. ಬಡವರನ್ನು ಹೆದರಿಸುವ ಹೀನ ಕೆಲಸವೂ ಹೌದು.

ಪ್ರಶ್ನೆ: ಜಾತಿವಾರು ಲೆಕ್ಕ ಕೊಡುವ ಸರ್ವೆಯವರು, ಗೆಲ್ಲುವ ಚಿಹ್ನೆ ಹೇಳುವ ಜ್ಯೋತಿಷಿಗಳು ಬಂದಿದ್ದಾರೆ.

ಇಬ್ಬರೂ ನಿಮ್ಮ ದುಡ್ಡಿಗೆ ಬಂದವರು. ವಾಪಸ್ ಕಳಿಸಿ. ನಡೆದೇ ಮುಗಿಸಬಹುದಾದ ವಾರ್ಡಿಗೆ ಸರ್ವೆ ಯಾಕೆ?

ಪ್ರಶ್ನೆ: ದೊಡ್ಡ ನಾಯಕರನ್ನು ಕರೆಸಿದರೆ? 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ಗೆಲ್ಲಲಿಲ್ವಾ?

ಅದು ಲೋಕಸಭೆ ಉಪಚುನಾವಣೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ. ಅದಕ್ಕೇ ಎಲ್ಲ ಪಾರ್ಟಿಯವರ ಮನೆಗೂ ನೀವು ಹೋಗಬಹುದು. ನಾಯಕರನ್ನು ಕರೆಸಿದಿರೋ, ಅದರಲ್ಲಿ ಅರ್ಧ ಬಾಗಿಲು ಮುಚ್ಚಿದ ಹಾಗೆ.