ಸಹಾರ್ ಗಾವಠಾಣದ ಹಳೇ ಮನೆ ಮೇಲೆ ಮಹಡಿ ಎತ್ತುವ ಬಗ್ಗೆ

ಮುಂಬೈ ಏರ್‌ಪೋರ್ಟ್ ಪಕ್ಕದ ಸಹಾರ್ ಗಾವಠಾಣದ (ಹಳೇ ಹಳ್ಳಿಯ ವಸತಿ ಜಾಗ) ಹೆಂಚಿನ ಮನೆ ಕೊಂಡು ಮೇಲೊಂದು ಮಹಡಿ ಕಟ್ಟಬಹುದೇ, ವಿಮಾನ ನಿಲ್ದಾಣದವರು ತಡೆಯುತ್ತಾರಾ ಎಂದು ಕೇಳಿದ್ದೀರಿ. ತಡೆಯುವುದು ಹೆಚ್ಚಾಗಿ ವಿಮಾನವಲ್ಲ, ಕಾಗದ.

ಮೊದಲು ಸಿಟಿ ಸರ್ವೇ ಕಚೇರಿಯಿಂದ ಪ್ರಾಪರ್ಟಿ ಕಾರ್ಡ್ (ಜಾಗದ ಮಾಲೀಕತ್ವದ ದಾಖಲೆ) ತೆಗೆಸಿ. ಗಾವಠಾಣಕ್ಕೆ ಸಾತ್‌ಬಾರಾ (ಹೊಲಗದ್ದೆಯ 7/12 ಪಹಣಿ) ಕೇಳುತ್ತಾ ಅಲೆಯಬೇಡಿ. ಈಸ್ಟ್ ಇಂಡಿಯನ್ (ಮುಂಬೈನ ಮೂಲ ಕ್ರೈಸ್ತ ಸಮುದಾಯ) ಕುಟುಂಬಗಳ ಮನೆಗಳಲ್ಲಿ ಕಾರ್ಡ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುವುದುಂಟು. ವಾರಸುದಾರರೆಲ್ಲ ಸಹಿ ಹಾಕದೆ ಅಡ್ವಾನ್ಸ್ ಕೊಡಬೇಡಿ.

ಎತ್ತರಕ್ಕೆ ಏರ್‌ಪೋರ್ಟ್ ಅಥಾರಿಟಿಯ ಬಣ್ಣದ ವಲಯ ನಕ್ಷೆ ನೋಡಿ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕಾದರೆ ಅವರದೇ ನೋಕಾಸ್ ಪೋರ್ಟಲ್‌ನಲ್ಲಿ ಅರ್ಜಿ: ಜಾಗದ ಮೂಲೆಗಳ ಅಕ್ಷಾಂಶ-ರೇಖಾಂಶ ಡಬ್ಲ್ಯೂಜಿಎಸ್-84ರಲ್ಲಿ (ಜಿಪಿಎಸ್ ಬಳಸುವ ಅಳತೆ ಪದ್ಧತಿ), ಜೊತೆಗೆ ನೆಲದ ಎತ್ತರ. ಎಡವುವುದು ಇಲ್ಲೇ. ಮಂಜೂರಾಗುವ ಎತ್ತರ ಸಮುದ್ರಮಟ್ಟದಿಂದ, ನಿಮ್ಮ ಅಂಗಳದಿಂದಲ್ಲ. ಉದಾಹರಣೆಗೆ 45 ಮೀಟರ್ ಸಿಕ್ಕಿ, ನೆಲವೇ 12 ಮೀಟರ್ ಮೇಲಿದ್ದರೆ ಕೈಗೆ ಬರುವುದು 33. ಅದರೊಳಗೆ ನೀರಿನ ಟ್ಯಾಂಕ್, ಸಿಡಿಲು ಕಂಬಿ, ಆಂಟೆನಾ ಎಲ್ಲ ಸೇರಿಯೇ. ಒಂದು ಮಹಡಿಗೆ ಇದು ಧಾರಾಳ ಅನ್ನಿ, ಆದರೆ ರನ್‌ವೇ ತುದಿಯ ನೇರಕ್ಕೆ ಬಂದರೆ ಲೆಕ್ಕವೇ ಬೇರೆ.

ಪಾಲಿಕೆಯ ಅನುಮತಿ ಪ್ರತ್ಯೇಕ; ಎಫ್‌ಎಸ್‌ಐ (ಜಾಗದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) ಓಣಿಯ ಅಗಲ ನೋಡಿಕೊಂಡು ಬರುತ್ತದೆ.

ಗೋಡೆ ಸುಣ್ಣದ ಗಾರೆಯದಾದರೆ ಅದರ ಮೇಲೆ ಸ್ಲ್ಯಾಬ್ ಹೊರಿಸಬೇಡಿ, ಬೇರೆ ಕಂಬ ಎಬ್ಬಿಸಿ. ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಮಳೆಗಾಲದ ತೇವ ಒಳಗೇ ಕೂತು ಗಾರೆ ಉದುರುತ್ತದೆ.